ಪುರಭವನದ ಆರ್ಗನ್ ಕಛೇರಿಗೆ ವೀಣೆ ಕಲಿತ ಕಿವಿಯ ಸಿದ್ಧತೆ

ಪ್ರಶ್ನೆ: ನಾನು ಮೈಸೂರಿನ ಕುವೆಂಪುನಗರದವಳು. ಚಿಕ್ಕಂದಿನಿಂದ ವೀಣೆ ಕಲಿತಿದ್ದೇನೆ, ಕಛೇರಿಗಳನ್ನು ತಪ್ಪದೆ ಕೇಳುತ್ತೇನೆ. ಮಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾನೆ. ಕೆಲವು ತಿಂಗಳು ಅವನ ಮನೆಯಲ್ಲಿರಲು ಹೋಗುತ್ತಿದ್ದೇನೆ. ಅಲ್ಲಿನ ಟೌನ್‌ಹಾಲ್‌ನಲ್ಲಿ ಆರ್ಗನ್ ಕಛೇರಿಗಳು ನಡೆಯುತ್ತವೆ, ಕೆಲವು ಕಛೇರಿಗಳಿಗೆ ಮುಂಚೆ ಉಪನ್ಯಾಸವೂ ಇರುತ್ತದೆ ಎಂದು ಅವನು ಹೇಳುತ್ತಾನೆ. ಮಂಡ್ಯದ ಕಡೆಯ ನಮ್ಮ ಊರಿನಲ್ಲಿ ತಂದೆಯವರು ಪೌರಾಣಿಕ ನಾಟಕಗಳಿಗೆ ಕಾಲು ಹಾರ್ಮೋನಿಯಂ ನುಡಿಸುತ್ತಿದ್ದರು. ಆರ್ಗನ್ ಎಂದರೆ ಅದರ ದೊಡ್ಡ ರೂಪವೇ? ಇಗರ್ಜಿಯ ವಾದ್ಯ ಟೌನ್‌ಹಾಲಿಗೆ ಬಂದದ್ದು ಹೇಗೆ? ರಾಗ, ಗಮಕಗಳಿಲ್ಲದ ಆ ಸಂಗೀತವನ್ನು ನನ್ನಂಥವರು ಹೇಗೆ ಕೇಳಬೇಕು? ಉಪನ್ಯಾಸಕ್ಕೆ ಹೋಗುವುದರಿಂದ ಪ್ರಯೋಜನವಿದೆಯೇ?

ಉತ್ತರ: ನಿಮ್ಮ ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು, ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪಲ್ಲವಿಯೊಂದನ್ನು ಅದರ ಎಲ್ಲ ಕಾಲಗಳಲ್ಲಿ, ಎಲ್ಲ ತಿರುವುಗಳಲ್ಲಿ ಬಿಡದೆ ಹಿಂಬಾಲಿಸಬಲ್ಲ ಶ್ರೋತೃವಿಗೆ ಆರ್ಗನ್ ಸಂಗೀತ ಕೇಳಲು ಬೇಕಾದ ಶಕ್ತಿಯ ಬಹುಪಾಲು ಆಗಲೇ ಇದೆ. ಹೊಸದಾಗಿ ಕಲಿಯಬೇಕಾದದ್ದು ಒಂದೇ ಅಭ್ಯಾಸ: ಮೇಲಿನ ಸ್ವರದ ಮೇಲೆ ಮಾತ್ರ ಗಮನವಿಡುವುದನ್ನು ಬಿಟ್ಟು, ತಳದಲ್ಲಿ ನಡೆಯುವ ಸ್ವರಗಳನ್ನೂ ಅಷ್ಟೇ ಆಸಕ್ತಿಯಿಂದ ಕೇಳುವುದು.

ಮೊದಲು ಹಾರ್ಮೋನಿಯಂ ವಿಷಯ. ತಿದಿಯಿಂದ ಗಾಳಿ ಒತ್ತಿ, ಮನೆಗಳನ್ನು ಅದುಮಿ ಸ್ವರ ಹೊರಡಿಸುವುದು ಎರಡರಲ್ಲೂ ಸಮಾನ, ಸಂಬಂಧ ಇಲ್ಲವೆನ್ನಲಾಗದು. ಆದರೆ ಹಾರ್ಮೋನಿಯಂನಲ್ಲಿ ನಾದ ಹುಟ್ಟುವುದು ಲೋಹದ ಪುಟ್ಟ ರೀಡುಗಳು ಗಾಳಿಗೆ ಅದುರುವುದರಿಂದ. ಆರ್ಗನ್‌ನಲ್ಲಿ ನಾದ ಹುಟ್ಟುವುದು ಸಾವಿರಾರು ಕೊಳವೆಗಳಲ್ಲಿ. ಅವುಗಳಲ್ಲಿ ಹೆಚ್ಚಿನವು ಕೊಳಲಿನ ಜಾತಿಯವು, ಅಂದರೆ ಗಾಳಿ ಒಂದು ಅಂಚಿಗೆ ತಾಗಿ ಕೊಳವೆಯೊಳಗಿನ ವಾಯುಸ್ತಂಭ ಕಂಪಿಸುತ್ತದೆ. ಉಳಿದವುಗಳ ಬುಡದಲ್ಲಿ ಲೋಹದ ನಾಲಿಗೆಯೊಂದು ಅದುರುತ್ತದೆ, ಕಹಳೆಯಂಥ ಗಡಸು ದನಿಗಳು ಹೊರಡುವುದು ಅವುಗಳಿಂದ. ಒಂದು ಕೊಳವೆಗೆ ಒಂದೇ ಸ್ವರ. ಆದ್ದರಿಂದ ಒಂದು ನಾದಗುಣಕ್ಕೆ ಮನೆಗೊಂದರಂತೆ ಒಂದು ಇಡೀ ಸಾಲು ಕೊಳವೆಗಳು ಬೇಕಾಗುತ್ತವೆ, ಇನ್ನೊಂದು ನಾದಗುಣಕ್ಕೆ ಇನ್ನೊಂದು ಸಾಲು. ಯಾವ ಸಾಲುಗಳು ಈಗ ನುಡಿಯಬೇಕು ಎಂಬುದನ್ನು ವಾದಕರು ಅಕ್ಕಪಕ್ಕದ ಗುಬುಟುಗಳನ್ನು ಎಳೆದು ನಿರ್ಧರಿಸುತ್ತಾರೆ; ನಿಮ್ಮ ತಂದೆಯವರ ಹಾರ್ಮೋನಿಯಂನ ಮುಂಭಾಗದಲ್ಲಿದ್ದ ಸ್ಟಾಪರ್‌ಗಳಿಗೆ ಮೂಲ ಇವೇ. ಕೈಗಳಿಗೆ ಒಂದರ ಮೇಲೊಂದು ಮೆಟ್ಟಿಲಿನಂತೆ ಜೋಡಿಸಿದ ಎರಡು, ಮೂರು ಅಥವಾ ನಾಲ್ಕು ಮನೆಸಾಲುಗಳಿರುತ್ತವೆ, ಕಾಲುಗಳಿಗೆ ಪ್ರತ್ಯೇಕವಾಗಿ ಮರದ ದೊಡ್ಡ ಮನೆಗಳ ಸಾಲು ಇರುತ್ತದೆ. ಕಾಲು ಹಾರ್ಮೋನಿಯಂನಲ್ಲಿ ಕಾಲಿನ ಕೆಲಸ ಗಾಳಿ ತುಂಬುವುದಷ್ಟೇ. ಆರ್ಗನ್‌ನಲ್ಲಿ ಕಾಲುಗಳೇ ಸ್ವರ ನುಡಿಸುತ್ತವೆ, ಅದೂ ಅತ್ಯಂತ ಮುಖ್ಯವಾದ ತಳದ ಸ್ವರಗಳನ್ನು. ಗಾಳಿಯನ್ನು ಹಿಂದೆ ಆಳುಗಳು ತಿದಿಯೊತ್ತಿ ಒದಗಿಸುತ್ತಿದ್ದರು, ಈಗ ವಿದ್ಯುತ್ ಯಂತ್ರ ಒದಗಿಸುತ್ತದೆ.

ಕೊಳವೆಗಳ ಅಳತೆಯನ್ನು ಅಡಿಗಳಲ್ಲಿ ಹೇಳುವ ಪದ್ಧತಿಯನ್ನು ಸ್ವಲ್ಪ ತಿಳಿದಿದ್ದರೆ ಉಪನ್ಯಾಸ ಅರ್ಥವಾಗುತ್ತದೆ. 8 ಅಡಿಯ ಸಾಲೆಂದರೆ ಮನೆ ಒತ್ತಿದಾಗ ಪಿಯಾನೋದಲ್ಲಿ ಕೇಳುವ ಸ್ಥಾಯಿಯಲ್ಲೇ ಸ್ವರ ಕೇಳುತ್ತದೆ. 4 ಅಡಿಯದು ಒಂದು ಸ್ಥಾಯಿ ಮೇಲೆ, 16 ಅಡಿಯದು ಒಂದು ಸ್ಥಾಯಿ ಕೆಳಗೆ, 32 ಅಡಿಯದು ಎರಡು ಸ್ಥಾಯಿ ಕೆಳಗೆ. 32 ಅಡಿಯ ಕೊಳವೆಯ ಅತ್ಯಂತ ಕೆಳಗಿನ ಸ್ವರ ಸೆಕೆಂಡಿಗೆ ಸುಮಾರು 16 ಕಂಪನಗಳದ್ದು. ಅದು ಕಿವಿಗೆ ಸ್ವರವಾಗಿ ಕೇಳುವುದಕ್ಕಿಂತ ಹೆಚ್ಚಾಗಿ ಕುರ್ಚಿ ಮತ್ತು ನೆಲದ ಮೂಲಕ ಮೈಗೆ ತಿಳಿಯುತ್ತದೆ. ಮೊಬೈಲ್ ಫೋನಿನ ಸ್ಪೀಕರಿನಲ್ಲಿ ಆರ್ಗನ್ ಕೇಳಿ ಸಪ್ಪೆಯಾಗಿದೆ ಎಂದು ತೀರ್ಮಾನಿಸುವವರ ಬಗ್ಗೆ ನನಗೆ ಬೇಸರವಾಗುವುದು ಈ ಕಾರಣಕ್ಕೆ: ಆ ಸ್ಪೀಕರು ಈ ತಳದ ಸ್ವರಗಳನ್ನು ಹೊರಡಿಸುವುದೇ ಇಲ್ಲ, ಅವರು ಕೇಳಿದ್ದು ಅರ್ಧ ಸಂಗೀತ. ಹೊರಡುವ ಮುನ್ನ ಕೇಳುವುದಾದರೆ ದಯವಿಟ್ಟು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ.

ವೀಣೆ ನುಡಿಸುವವರಾದ ನಿಮಗೆ ನಿಜವಾಗಿ ಹತ್ತಿರವಾಗುವ ಸಂಗತಿ ಇನ್ನೊಂದಿದೆ. ತಂಬೂರಿಯನ್ನು ಚೆನ್ನಾಗಿ ಶ್ರುತಿ ಮಾಡಿ, ಮಂದ್ರದ ತಂತಿಯನ್ನು ಮೀಟಿ ಕಿವಿಗೊಟ್ಟರೆ ಯಾರೂ ಮೀಟದ ಅಂತರ ಗಾಂಧಾರ ಅದರೊಳಗಿಂದ ತಾನಾಗಿ ಕೇಳುತ್ತದೆ ಎಂಬುದು ನಿಮಗೆ ಗೊತ್ತು. ಪ್ರತಿ ಸ್ವರದೊಳಗೂ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ಕಂಪನಗಳ ಅನುಸ್ವರಗಳು ಅಡಗಿರುತ್ತವೆ. ಷಡ್ಜಕ್ಕೆ ಅವು ಕ್ರಮವಾಗಿ ಮೇಲಿನ ಷಡ್ಜ, ಅದರ ಮೇಲಿನ ಪಂಚಮ, ಇನ್ನೂ ಮೇಲಿನ ಷಡ್ಜ, ಅದರಾಚೆಯ ಅಂತರ ಗಾಂಧಾರ. ಆರ್ಗನ್ ಕಟ್ಟುವವರು ತಂಬೂರಿಯಲ್ಲಿ ತಾನಾಗಿ ಒದಗುವ ಈ ಅನುಸ್ವರಗಳನ್ನು ಬೇರೆ ಬೇರೆ ಕೊಳವೆಗಳಾಗಿ ಕಟ್ಟಿಟ್ಟಿದ್ದಾರೆ. 4 ಅಡಿಯ ಸಾಲು ಮೇಲಿನ ಷಡ್ಜವನ್ನು, 2⅔ ಅಡಿಯ ಸಾಲು ಪಂಚಮವನ್ನು, 2 ಅಡಿಯದು ಅದರ ಮೇಲಿನ ಷಡ್ಜವನ್ನು, 1⅗ ಅಡಿಯದು ಗಾಂಧಾರವನ್ನು ಕೊಡುತ್ತದೆ. ವಾದಕರು 8 ಅಡಿಯ ಸಾಲಿನ ಜೊತೆ ಇವುಗಳಲ್ಲಿ ಕೆಲವನ್ನು ಎಳೆದಾಗ ನಮಗೆ ಹಲವು ಸ್ವರಗಳು ಬಿಡಿಬಿಡಿಯಾಗಿ ಕೇಳುವುದಿಲ್ಲ. ಹೊಸ ಬಣ್ಣದ ಒಂದೇ ಸ್ವರ ಕೇಳುತ್ತದೆ. ಗಮಕವಿಲ್ಲದ ಈ ವಾದ್ಯದ ಸೂಕ್ಷ್ಮತೆ ಇರುವುದು ಇಲ್ಲಿ. ನಾವು ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ತೋರಿಸುವ ಕೌಶಲವನ್ನು ಅವರು ಒಂದೇ ಸ್ವರದ ಒಳರಚನೆಯಲ್ಲಿ ತೋರಿಸುತ್ತಾರೆ. ತಂಬೂರಿ ಕೇಳಿ ಬೆಳೆದ ಕಿವಿ ಇದನ್ನು ಗುರುತಿಸುವುದರಲ್ಲಿ ಇತರರಿಗಿಂತ ಮುಂದೆಯೇ ಇರುತ್ತದೆ ಎಂಬುದು ನನ್ನ ನಂಬಿಕೆ.

ಅದೇ ಕಿವಿಗೆ ಒಂದು ಕಿರಿಕಿರಿಯೂ ಆಗಬಹುದು, ಅದನ್ನು ಮುಂಚೆಯೇ ಹೇಳುವುದು ನ್ಯಾಯ. ಇಂದಿನ ಹೆಚ್ಚಿನ ಆರ್ಗನ್‌ಗಳಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿ ಶ್ರುತಿ ಮಾಡಿರುತ್ತಾರೆ. ಆ ಲೆಕ್ಕದ ಗಾಂಧಾರ ತಂಬೂರಿಯಲ್ಲಿ ಕೇಳುವ ಗಾಂಧಾರಕ್ಕಿಂತ ಅರ್ಧಸ್ವರದ ಸುಮಾರು ಏಳನೆಯ ಒಂದು ಭಾಗದಷ್ಟು ಏರಿರುತ್ತದೆ. ನಮ್ಮಲ್ಲಿ ಹಾರ್ಮೋನಿಯಂ ವಿರುದ್ಧ ಎದ್ದ ಆಕ್ಷೇಪಗಳಲ್ಲಿ ಇದೂ ಒಂದು, ಗಮಕ ಬಾರದು ಎಂಬುದು ಮತ್ತೊಂದು. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ನಿಷೇಧವಿತ್ತು. ಆದರೆ ಸ್ವರಗಳ ಸಮೂಹ ಮುಂದಕ್ಕೆ ಚಲಿಸುತ್ತಿರುವ ಸಂಗೀತದಲ್ಲಿ ಒಂದು ಸ್ವರವನ್ನು ಹಿಡಿದು ಅಳೆಯುತ್ತ ಕೂತರೆ ಉಳಿದದ್ದೆಲ್ಲ ಕೈತಪ್ಪುತ್ತದೆ.

ಇಗರ್ಜಿಯ ವಾದ್ಯ ಪುರಭವನಕ್ಕೆ ಬಂದ ಕಥೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಅಲ್ಲಿನ ಟೌನ್‌ಹಾಲ್ ಪ್ರಾರಂಭವಾದದ್ದು 1834ರಲ್ಲಿ. ಮೂರು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಸಂಗೀತೋತ್ಸವಕ್ಕೆ ದೊಡ್ಡ ಸಭಾಂಗಣ ಬೇಕಾಗಿತ್ತು; ಆ ಉತ್ಸವದ ಆದಾಯ ಊರಿನ ಆಸ್ಪತ್ರೆಗೆ ಸಲ್ಲುತ್ತಿತ್ತು. ನೂರಾರು ಗಾಯಕರ ವೃಂದಕ್ಕೆ ಆಸರೆಯಾಗಿ ನಿಲ್ಲಬಲ್ಲ ವಾದ್ಯ ಆ ಕಾಲದಲ್ಲಿ ಆರ್ಗನ್ ಒಂದೇ, ಆದ್ದರಿಂದ ವಿಲಿಯಂ ಹಿಲ್ ಎಂಬ ಕುಶಲಿ 32 ಅಡಿಯ ಕೊಳವೆಗಳುಳ್ಳ ಆರ್ಗನ್ನನ್ನು ಅಲ್ಲಿ ಕಟ್ಟಿದರು. 1837ರ ಉತ್ಸವದಲ್ಲಿ ಜರ್ಮನಿಯ ಸಂಗೀತ ರಚನಕಾರ ಮೆಂಡೆಲ್‌ಸನ್ ಅದರ ಮೇಲೆ, ತಮಗಿಂತ ಹಿಂದಿನ ಕಾಲದ ಜರ್ಮನ್ ರಚನಕಾರ ಬಾಖ್ ಅವರ ಕೃತಿ ನುಡಿಸಿದರು. 1846ರಲ್ಲಿ ತಮ್ಮ ‘ಎಲೈಜಾ’ ಎಂಬ ಮಹಾಕೃತಿಯನ್ನು ಅದೇ ಸಭಾಂಗಣದಲ್ಲಿ ಮೊದಲ ಬಾರಿಗೆ ನಡೆಸಿಕೊಟ್ಟರು. ಮುಂದೆ ಲಿವರ್‌ಪೂಲ್, ಲೀಡ್ಸ್‌ನಂಥ ಕೈಗಾರಿಕಾ ನಗರಗಳೂ ಇದೇ ದಾರಿ ಹಿಡಿದವು. ಧ್ವನಿಮುದ್ರಣವಿಲ್ಲದ, ಎಲ್ಲ ಊರುಗಳಲ್ಲಿ ವಾದ್ಯವೃಂದವೂ ಇಲ್ಲದ ಆ ಕಾಲದಲ್ಲಿ ಗಿರಣಿ ಕೆಲಸಗಾರರು ಸಿಂಫನಿಗಳನ್ನೂ ಆಪೆರಾ ಭಾಗಗಳನ್ನೂ ಕೇಳಿದ್ದು ಹೆಚ್ಚಾಗಿ ಪುರಭವನದ ಆರ್ಗನ್ನಿನ ಮೇಲೆ, ಕಡಿಮೆ ದರದ ಟಿಕೆಟಿನಲ್ಲಿ. ಲಿವರ್‌ಪೂಲಿನ ಸೇಂಟ್ ಜಾರ್ಜಸ್ ಹಾಲ್‌ನಲ್ಲಿ ಡಬ್ಲ್ಯೂ. ಟಿ. ಬೆಸ್ಟ್ ಎಂಬ ವಾದಕರು 1855ರಿಂದ 1894ರವರೆಗೆ ವಾದ್ಯವೃಂದದ ಕೃತಿಗಳ ಇಂಥ ಆರ್ಗನ್ ರೂಪಾಂತರಗಳನ್ನು ನುಡಿಸಿ ಹೆಸರಾದರು.

ಈ ನಗರಗಳು ವಾದಕರಿಗೆ ಒಂದು ಹುದ್ದೆಯನ್ನೂ ಕೊಟ್ಟವು: ನಗರ ಆರ್ಗನಿಸ್ಟ್. ಮೈಸೂರು ಅರಮನೆಯಲ್ಲಿ ಆಸ್ಥಾನ ವಿದ್ವಾಂಸರಿದ್ದಂತೆ ಅಲ್ಲಿ ನಗರಕ್ಕೇ ಒಬ್ಬ ವಿದ್ವಾಂಸರು. ಬರ್ಮಿಂಗ್‌ಹ್ಯಾಮ್‌ನಲ್ಲಿ ಥಾಮಸ್ ಟ್ರಾಟರ್ ಈ ಹುದ್ದೆಗೆ 1983ರಲ್ಲಿ ನೇಮಕಗೊಂಡರು. ಅದೇ ಊರಿನ ಸಿಂಫನಿ ಹಾಲ್‌ನಲ್ಲಿ ಜರ್ಮನಿಯ ಕ್ಲೈಸ್ ಸಂಸ್ಥೆ 2001ರಲ್ಲಿ ಮುಗಿಸಿದ, ಸುಮಾರು 6000 ಕೊಳವೆಗಳ ಮತ್ತೊಂದು ಆರ್ಗನ್ ಇದೆ. ಎರಡನ್ನೂ ಕೇಳಿ. ಆರ್ಗನ್ ಆಯಾ ಕಟ್ಟಡಕ್ಕೆಂದೇ ಅಳತೆ ಮಾಡಿ ಕಟ್ಟಿದ ವಾದ್ಯ. ಗೋಡೆ, ಚಾವಣಿ, ನೆಲ ಎಲ್ಲವೂ ಅದರ ನಾದದ ಭಾಗ. ದೊಡ್ಡ ಇಗರ್ಜಿಗಳಲ್ಲಿ ಸ್ವರ ಐದಾರು ಸೆಕೆಂಡು, ಕೆಲವೆಡೆ ಇನ್ನೂ ಹೆಚ್ಚು ಕಾಲ ಅನುರಣಿಸಿದರೆ, ಕಛೇರಿ ಸಭಾಂಗಣಗಳಲ್ಲಿ ಅದು ಸುಮಾರು ಎರಡು ಸೆಕೆಂಡಿಗೆ ಅಡಗುತ್ತದೆ. ಬಾಖ್ ಅವರ ಹಲವು ಧ್ವನಿಗಳ ಹೆಣಿಗೆಯನ್ನು ಮೊದಲ ಬಾರಿ ಬಿಡಿಸಿ ಕೇಳುವವರಿಗೆ ಸಭಾಂಗಣವೇ ಅನುಕೂಲ.

ಇನ್ನು ಕೇಳುವ ಬಗೆ. ನಿಮಗೆ ಮೊದಲು ಕಾಡುವುದು ಆಧಾರ ಷಡ್ಜದ ಅಭಾವ. ನಮ್ಮಲ್ಲಿ ಕಛೇರಿ ಮುಗಿಯುವವರೆಗೂ ಶ್ರುತಿ ಅಲುಗದು. ಅಲ್ಲಿ ಕೃತಿಯ ನಡುವೆಯೇ ಆಧಾರ ಬದಲಾಗುತ್ತದೆ, ಪಂಚಮವೋ ಮಧ್ಯಮವೋ ಸ್ವಲ್ಪ ಹೊತ್ತು ಷಡ್ಜವಾಗುತ್ತದೆ, ಕೊನೆಗೆ ಮೂಲಕ್ಕೆ ಹಿಂದಿರುಗುತ್ತದೆ. ಪುನ್ನಾಗವರಾಳಿಯನ್ನು ಮಧ್ಯಮ ಶ್ರುತಿಯಲ್ಲಿ ನುಡಿಸಿದ ಅನುಭವ ನಿಮಗಿರುತ್ತದೆ. ಅಂಥ ಸ್ಥಳಾಂತರ ಒಂದೇ ಕೃತಿಯೊಳಗೆ ಹಲವು ಸಲ ನಡೆಯುತ್ತದೆ ಎಂದು ಸಿದ್ಧವಾಗಿದ್ದರೆ ದಿಕ್ಕು ತಪ್ಪುವುದಿಲ್ಲ. ಕೆಲವು ಕೃತಿಗಳ ಅಂತ್ಯದ ಸಮೀಪ ಪಾದದ ಮನೆಯೊಂದನ್ನು ಒತ್ತಿ ಹಿಡಿದು, ಅದರ ಮೇಲೆ ಉಳಿದೆಲ್ಲ ಸ್ವರಗಳನ್ನು ಓಡಿಸುತ್ತಾರೆ. ಆಗ ನಿಮ್ಮ ಕಿವಿಗೆ ತಕ್ಷಣ ನೆಮ್ಮದಿಯಾಗುತ್ತದೆ, ಏಕೆಂದರೆ ಆ ಕ್ಷಣದಲ್ಲಿ ಅದು ನಿಜಕ್ಕೂ ಶ್ರುತಿಯ ಕೆಲಸ ಮಾಡುತ್ತಿರುತ್ತದೆ.

ಆರ್ಗನ್ ಸಂಗೀತದ ತಿರುಳು ಫ್ಯೂಗ್ ಎಂಬ ರಚನೆಯಲ್ಲಿದೆ. ಹಾಡಿನ ಸಾಲಿನಂಥ ಒಂದು ಸ್ವರಸಾಲು ಒಂಟಿಯಾಗಿ ಕೇಳಿಬರುತ್ತದೆ. ಅದು ಮುಗಿಯುತ್ತಿದ್ದಂತೆ ಅದೇ ಸಾಲನ್ನು ಇನ್ನೊಂದು ಧ್ವನಿ ಪಂಚಮದ ಆಧಾರದಲ್ಲಿ ಎತ್ತಿಕೊಳ್ಳುತ್ತದೆ, ಮೊದಲ ಧ್ವನಿ ನಿಲ್ಲದೆ ಬೇರೆ ಮಾತು ಹೇಳುತ್ತ ಮುಂದುವರಿಯುತ್ತದೆ. ಆಮೇಲೆ ಮೂರನೆಯದು, ನಾಲ್ಕನೆಯದು. ಬಾಖ್ ಅವರ ಜಿ ಮೈನರ್ ಫ್ಯೂಗ್, ‘ಚಿಕ್ಕದು’ ಎಂದು ಕರೆಯುವ ಕೃತಿಸಂಖ್ಯೆ 578, ಆರಂಭಿಕರಿಗೆ ಬಹಳ ಒಳ್ಳೆಯದು: ಅದರ ನಾಲ್ಕು ಧ್ವನಿಗಳು ಮೇಲಿನಿಂದ ಕೆಳಕ್ಕೆ ಒಂದರ ನಂತರ ಒಂದಾಗಿ ಬರುತ್ತವೆ, ನಾಲ್ಕನೆಯದು ಕಾಲಿನಲ್ಲಿ. ಪಲ್ಲವಿಯನ್ನು ತ್ರಿಕಾಲದಲ್ಲಿ, ಅಂದರೆ ಮೂರು ವೇಗಗಳಲ್ಲಿ, ನಿಭಾಯಿಸುವುದಕ್ಕೆ ಸಮನಾದದ್ದೂ ಫ್ಯೂಗ್‌ನಲ್ಲಿದೆ. ಕೃತಿಸಂಖ್ಯೆ 547ರ ಸಿ ಮೇಜರ್ ಫ್ಯೂಗ್‌ನಲ್ಲಿ ಬಹುಪಾಲು ಕಾಲುಗಳು ಸುಮ್ಮನಿರುತ್ತವೆ. ಕೊನೆಯ ಮೂರನೆಯ ಒಂದು ಭಾಗದಲ್ಲಿ ಅವು ಮೊದಲ ಬಾರಿಗೆ ಪ್ರವೇಶಿಸಿ, ಅದೇ ಸಾಲನ್ನು ಎರಡು ಪಟ್ಟು ನಿಧಾನವಾಗಿ ನುಡಿಸುತ್ತವೆ, ಮೇಲೆ ಕೈಗಳು ಹಿಂದಿನ ಕಾಲದಲ್ಲೇ ನಡೆಯುತ್ತಿರುತ್ತವೆ. ಪಲ್ಲವಿ ಕೇಳಿ ಬಲ್ಲವರಿಗೆ ಆ ಪ್ರವೇಶದಲ್ಲಿ ಆಗುವ ಆನಂದವನ್ನು ನಾನು ವಿವರಿಸಬೇಕಾಗಿಲ್ಲ.

ಆದರೆ ಒಂದೇ ಕೃತಿಯನ್ನು ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಹೋಗುವುದಾದರೆ ನನ್ನ ಆಯ್ಕೆ ಬಾಖ್ ಅವರ ಸಿ ಮೈನರ್ ಪಸಕಾಲ್ಯ, ಕೃತಿಸಂಖ್ಯೆ 582. ಅದರ ಮೂಲ ಸಾಲನ್ನು ಆರಂಭದಲ್ಲಿ ಕಾಲುಗಳು ಮಾತ್ರ, ಬೇರೆ ಯಾವ ಸ್ವರವೂ ಇಲ್ಲದೆ ನುಡಿಸುತ್ತವೆ. ನಮ್ಮ ಸ್ವರಗಳಲ್ಲಿ ಬರೆದರೆ ಅದು ಹೀಗಿದೆ: ಸ, ಪ ಗ, ಮ ಪ, ದ ಮ, ಪ ರಿ, ಗ ನಿ, ಸ ಮ, ಪ, ಸ. ಮೊದಲ ಷಡ್ಜದ ನಂತರದ ಜೋಡಿಗಳಲ್ಲಿ ಮೊದಲ ಸ್ವರಕ್ಕೆ ಎರಡು ಎಣಿಕೆ, ಎರಡನೆಯದಕ್ಕೆ ಒಂದು. ನಿಷಾದ ಷಡ್ಜದ ಕೆಳಗಿನದು. ಕೊನೆಯ ಮಧ್ಯಮ, ಪಂಚಮಗಳೂ ಕೆಳಗಿನವು. ಅಂತ್ಯದ ಷಡ್ಜ ಆರಂಭದ ಷಡ್ಜಕ್ಕಿಂತ ಒಂದು ಸ್ಥಾಯಿ ಕೆಳಗೆ. ರಿಷಭ ಚತುಶ್ರುತಿ, ಗಾಂಧಾರ ಸಾಧಾರಣ, ಧೈವತ ಶುದ್ಧ, ನಿಷಾದ ಕಾಕಲಿ. ಹಾಗಾಗಿ ಈ ಸಾಲು ಸಂಪೂರ್ಣವಾಗಿ ಕೀರವಾಣಿಯ ಸ್ವರಗಳಲ್ಲೇ ಇದೆ. ಇದನ್ನು ವೀಣೆಯ ಮೇಲೆ ಗಮಕವಿಲ್ಲದೆ, ಮೆಟ್ಟಿಲ ಮೇಲೆ ನೇರವಾಗಿ ಮೀಟಿ, ಬಾಯಿಗೆ ಬರುವವರೆಗೆ ನುಡಿಸಿ. ಮುಂದೆ ಬಾಖ್ ಇದರ ಮೇಲೆ 20 ಬಗೆಯ ವಿಸ್ತಾರಗಳನ್ನು ಕಟ್ಟುತ್ತಾರೆ. ಸಾಲು ಹೆಚ್ಚಾಗಿ ತಳದಲ್ಲಿರುತ್ತದೆ, ನಡುವೆ ಮೇಲಿನ ಧ್ವನಿಗೆ ಏರುತ್ತದೆ, ಒಂದೆರಡು ಕಡೆ ಓಡುವ ಸ್ವರಗಳ ನಡುವೆ ಚದುರಿ ಅಡಗುತ್ತದೆ, ಮತ್ತೆ ಕಾಲಿಗೆ ಇಳಿಯುತ್ತದೆ. ಕೊನೆಗೆ ಅದರ ಮೊದಲ ಅರ್ಧವೇ ಫ್ಯೂಗ್‌ನ ಸಾಲಾಗುತ್ತದೆ. ಇದರಲ್ಲಿ ಕೀರವಾಣಿಯ ರಾಗಭಾವವನ್ನು ನಿರೀಕ್ಷಿಸಬೇಡಿ, ಮೇಲಿನ ಧ್ವನಿಗಳು ಅನ್ಯಸ್ವರಗಳನ್ನು ಧಾರಾಳವಾಗಿ ತರುತ್ತವೆ. ನೆರವಲಿನಲ್ಲಿ ಸಾಹಿತ್ಯದ ಸಾಲನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ವಿಸ್ತಾರವನ್ನು ಕೇಳುವ ರೀತಿಯಲ್ಲೇ ಇದನ್ನು ಕೇಳಿ.

ಬಾಖ್ ನಂತರದ ಸಂಗೀತದಲ್ಲಿ ಒಬ್ಬರ ಹೆಸರನ್ನು ಹೇಳದಿದ್ದರೆ ಉತ್ತರ ಅಪೂರ್ಣವಾಗುತ್ತದೆ. 1931ರಿಂದ 1992ರಲ್ಲಿ ತೀರಿಕೊಳ್ಳುವವರೆಗೆ ಪ್ಯಾರಿಸಿನ ಲಾ ತ್ರಿನಿತೆ ಇಗರ್ಜಿಯ ಆರ್ಗನಿಸ್ಟ್ ಆಗಿದ್ದ ಒಲಿವಿಯೇ ಮೆಸ್ಸಿಯಾನ್, ಶಾರ್ಙ್ಗದೇವನ ಹಳೆಯ ಸಂಗೀತಶಾಸ್ತ್ರ ಗ್ರಂಥ ‘ಸಂಗೀತರತ್ನಾಕರ’ದಲ್ಲಿ ಹೇಳಿದ 120 ದೇಶೀ ತಾಳಗಳನ್ನು ಅಭ್ಯಾಸ ಮಾಡಿ, ಅವುಗಳ ಲಯವಿನ್ಯಾಸಗಳನ್ನು ತಮ್ಮ ಕೃತಿಗಳಲ್ಲಿ ಬಳಸಿದರು. ಅವರ ಕೃತಿ ಕಾರ್ಯಕ್ರಮಪಟ್ಟಿಯಲ್ಲಿದ್ದರೆ ತಪ್ಪಿಸಿಕೊಳ್ಳಬೇಡಿ. ಆದರೆ ಅದೇ ನಿಮ್ಮ ಮೊದಲ ಕಛೇರಿಯಾಗದಿರಲಿ, ಅವರ ಸ್ವರಲೋಕಕ್ಕೆ ಒಗ್ಗಲು ಸಮಯ ಬೇಕು. ಮನೋಧರ್ಮ ಸಂಗೀತವೂ ಆರ್ಗನಿಸ್ಟರಲ್ಲಿ ಇಂದಿಗೂ ಜೀವಂತವಾಗಿದೆ. ಅಲ್ಲಿಯೇ ಕೊಟ್ಟ ಒಂದು ಸಾಲನ್ನು ತೆಗೆದುಕೊಂಡು, ಪೂರ್ವಸಿದ್ಧತೆಯಿಲ್ಲದೆ ಇಡೀ ಕೃತಿಯನ್ನು ಕಟ್ಟಿ ನುಡಿಸುವ ಪದ್ಧತಿ ವಿಶೇಷವಾಗಿ ಫ್ರಾನ್ಸಿನ ಪರಂಪರೆಯಲ್ಲಿ ಪ್ರಬಲವಾಗಿದೆ.

ಮೈಸೂರಿನವರಿಗೆ ಈ ಸಂಗೀತ ತೀರ ಹೊರಗಿನದು ಎಂದು ಅಳುಕುವ ಅಗತ್ಯವಿಲ್ಲ. ನೂರರ ಹತ್ತಿರ ಕರ್ನಾಟಕ ಸಂಗೀತ ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತವನ್ನೂ ಶಾಸ್ತ್ರೋಕ್ತವಾಗಿ ಕಲಿತು, 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು ಧ್ವನಿಮುದ್ರಣಗೊಂಡದ್ದು ಅವರ ನೆರವಿನಿಂದ, ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಸರ್ಟೊವನ್ನು ಅವರಿಗೇ ಅರ್ಪಿಸಿದರು.

ಉಪನ್ಯಾಸದ ಬಗ್ಗೆ ನನ್ನ ಸಲಹೆ ಸ್ಪಷ್ಟವಾಗಿದೆ: ಹೋಗಿ. ನಮ್ಮಲ್ಲಿ ಸೋದಾಹರಣ ಉಪನ್ಯಾಸಗಳು ಸಾಮಾನ್ಯವಾಗಿ ಬೇರೆ ದಿನ ಅಥವಾ ಬೆಳಗಿನ ಹೊತ್ತು ನಡೆಯುತ್ತವೆ, ರಾಗಲಕ್ಷಣ ಬಲ್ಲವರನ್ನು ಉದ್ದೇಶಿಸಿರುತ್ತವೆ. ಅಲ್ಲಿನ ಕಛೇರಿಪೂರ್ವ ಉಪನ್ಯಾಸ ಅದೇ ಸಂಜೆಯ ಕೃತಿಗಳನ್ನು ಕುರಿತದ್ದು, ಹೊಸಬರನ್ನೂ ಗಮನದಲ್ಲಿಟ್ಟುಕೊಂಡದ್ದು. ಉಪನ್ಯಾಸಕರು ಸಂಗೀತಗಾರರ ಜೀವನಚರಿತ್ರೆಯಲ್ಲೇ ಹೊತ್ತು ಕಳೆದರೆ ನಿಮಗೆ ಹೆಚ್ಚು ಲಾಭವಾಗದು. ಮೂಲ ಸಾಲನ್ನು ನುಡಿಸಿ ತೋರಿಸಿ, ಅದು ಮುಂದೆ ಎಲ್ಲಿ ಯಾವ ರೂಪದಲ್ಲಿ ಬರುತ್ತದೆ ಎಂದು ಹೇಳುವವರಾದರೆ ಆ ಸಂಜೆಯ ಅರ್ಧ ಭಾಗ ಅಲ್ಲಿಯೇ ಕೈವಶವಾಗುತ್ತದೆ. ಎಲ್ಲವನ್ನೂ ಟಿಪ್ಪಣಿ ಮಾಡಿಕೊಳ್ಳುವ ಪ್ರಯತ್ನ ಬೇಡ. ಸಾಲನ್ನು ಸ್ವರದಲ್ಲಿ ಬರೆದುಕೊಳ್ಳಿ, ವೀಣೆ ಕಲಿತವರಿಗೆ ಅದು ಕಷ್ಟವಲ್ಲ. ಪ್ರಶ್ನೆಗೆ ಅವಕಾಶ ಕೊಟ್ಟರೆ ಕೊನೆಯ ಭಾಗದಲ್ಲಿ ವಾದಕರು ಯಾವ ಕೊಳವೆಸಾಲುಗಳನ್ನು ಬಳಸುತ್ತಾರೆ, ಏಕೆ ಎಂದು ಕೇಳಿ. ಬಾಖ್ ತಮ್ಮ ಕೃತಿಗಳಲ್ಲಿ ಇದನ್ನು ಬರೆದಿಟ್ಟದ್ದು ಬಹಳ ವಿರಳ. ಆದ್ದರಿಂದ ಉತ್ತರದಲ್ಲಿ ವಾದಕರ ಸ್ವಂತ ವಿವೇಚನೆ ಕಾಣುತ್ತದೆ.

ಸಭಾಮರ್ಯಾದೆಯ ಒಂದೆರಡು ಮಾತು. ಪ್ರೆಲ್ಯೂಡ್ ಎಂಬ ಪೀಠಿಕೆ ಮುಗಿದು ಫ್ಯೂಗ್ ಆರಂಭವಾಗುವ ನಡುವೆ, ಅಥವಾ ಸಿಂಫನಿಯೊಂದರ ಭಾಗಗಳ ನಡುವೆ ಚಪ್ಪಾಳೆ ತಟ್ಟುವ ರೂಢಿಯಿಲ್ಲ. ವಾದಕರು ಪೀಠದಿಂದ ಎದ್ದಾಗ ತಟ್ಟಿದರೆ ತಪ್ಪಾಗದು. ತೊಡೆಯ ಮೇಲೆ ತಾಳ ಹಾಕುವ ನಮ್ಮ ಅಭ್ಯಾಸವನ್ನು ಸದ್ದಾಗದಂತೆ ಬೆರಳಿಗೆ ಸೀಮಿತಗೊಳಿಸಿ, ‘ಭೇಷ್’ ಎನ್ನುವುದನ್ನು ಕೊನೆಯವರೆಗೆ ತಡೆದುಕೊಳ್ಳಿ. ಮೊದಲ ಸಲ ಮಧ್ಯಾಹ್ನದ ಒಂದು ಗಂಟೆಯ ಚಿಕ್ಕ ಕಛೇರಿಗೆ ಹೋಗುವುದು ಮೇಲು. ಟಿಕೆಟ್ ಕೊಳ್ಳುವಾಗ ವಾದಕರ ಕಾಲುಗಳು ಕಾಣುವ ಆಸನ ಯಾವುದೆಂದು ವಿಚಾರಿಸಿ. ಕೆಲವು ಸಭಾಂಗಣಗಳಲ್ಲಿ ಕೈಕಾಲುಗಳ ಚಲನೆಯನ್ನು ಪರದೆಯ ಮೇಲೂ ತೋರಿಸುತ್ತಾರೆ. ಪಸಕಾಲ್ಯದ ಸಾಲು ಕಾಲಿನಿಂದ ಕೈಗೆ ಏರುವುದನ್ನು ಕಣ್ಣಿನಿಂದ ಒಮ್ಮೆ ಕಂಡರೆ, ಮುಂದಿನ ಸಲ ಕಿವಿಯೊಂದರಿಂದಲೇ ಅದನ್ನು ಹಿಡಿಯುತ್ತೀರಿ.